ನಾಲ್ಕು ಸಾವಿರ ಅಡಿ, ಅದಕ್ಕಿಂತ ಮೇಲೆ ಬೇಡ

ಅಪ್ಪ ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದರು. ನಾನು ಅಜ್ಜಿಯ ಊರಾದ ಬಸವಕಲ್ಯಾಣದಲ್ಲಿ ಓದಿ, ಮುಂದೆ ದೂರದ ವಿಮಾನ ನಿಲ್ದಾಣವೊಂದರಲ್ಲಿ ಕಂಟ್ರೋಲರ್ ಆದೆ. ಗೋಪುರದ ಗಾಜಿನ ಕೋಣೆಯಲ್ಲಿ ಕೂತು, ಯಾವ ವಿಮಾನ ಎಷ್ಟು ಎತ್ತರದಲ್ಲಿ ಹಾರಬೇಕೆಂದು ರೇಡಿಯೋದಲ್ಲಿ ಹೇಳುವ ಕೆಲಸ.

ಎಂಬತ್ತರ ದಶಕದ ಆರಂಭವದು. ನಮ್ಮಲ್ಲಿನ್ನೂ ರಾಡಾರ್ ಬಂದಿರಲಿಲ್ಲ. ಪೈಲಟ್ ಹೇಳಿದ್ದನ್ನು ಕಾಗದದ ಪಟ್ಟಿಯ ಮೇಲೆ ಬರೆದುಕೊಂಡು, ಗಡಿಯಾರ ನೋಡಿ, ಯಾರು ಎಲ್ಲಿದ್ದಾರೆಂದು ಅಂದಾಜು ಮಾಡಬೇಕಿತ್ತು.

ಒಂದು ಬೆಳಿಗ್ಗೆ ಪ್ರಯಾಣಿಕರ ವಿಮಾನವೊಂದು ನೆಲಬಿಟ್ಟು ಪೂರ್ವಕ್ಕೆ ಏರತೊಡಗಿತು. ಅದೇ ದಾರಿಯಲ್ಲಿ ಎದುರಿನಿಂದ ಇನ್ನೊಂದು ಇಳಿಯುತ್ತ ಬರುತ್ತಿತ್ತು. ಇನ್ನೂ ಅರವತ್ತು ಮೈಲಿ ದೂರವಿದ್ದೇನೆ ಎಂದು ಅದರ ಪೈಲಟ್ ಹೇಳಿದ್ದ. ಆ ಮಾತು ನಂಬಿ, ಏರುವವನಿಗೆ ಹತ್ತು ಸಾವಿರ ಅಡಿಯವರೆಗೂ ಅನುಮತಿ ಕೊಟ್ಟಿದ್ದೆ. ಪಟ್ಟಿಯನ್ನು ಮತ್ತೊಮ್ಮೆ ನೋಡಿದಾಗ ಲೆಕ್ಕ ತಾಳೆಯಾಗಲಿಲ್ಲ. ಹಿಂದಿನ ಊರನ್ನು ದಾಟಿದ ಹೊತ್ತಿನಿಂದ ಎಣಿಸಿದರೆ ಆ ವಿಮಾನ ಇಷ್ಟರಲ್ಲಿ ಇಪ್ಪತ್ತು ಮೈಲಿಯೊಳಗೆ ಬಂದಿರಬೇಕು.

ಮತ್ತೆ ಕೇಳಿ ಖಾತ್ರಿ ಮಾಡಿಕೊಳ್ಳಲು ಪುರಸೊತ್ತಿರಲಿಲ್ಲ. ಏರುವವನಿಗೆ, "ನಾಲ್ಕು ಸಾವಿರ ಅಡಿ, ಅದಕ್ಕಿಂತ ಮೇಲೆ ಬೇಡ" ಎಂದೆ. ಇಳಿಯುವವನಿಗೆ ಐದು ಸಾವಿರಕ್ಕಿಂತ ಕೆಳಗೆ ಬರಬೇಡಿ ಎಂದೆ.

"ಯಾಕೆ? ಈಗಷ್ಟೇ ಹತ್ತು ಸಾವಿರ ಅಂದಿರಲ್ಲ?" ಏರುವವನ ದನಿಯಲ್ಲಿ ಸಿಟ್ಟಿತ್ತು.

"ಎದುರಿಗೆ ವಿಮಾನವಿದೆ. ನಾಲ್ಕು ಸಾವಿರದಲ್ಲೇ ಇರಿ."

ಅವನು ಮಾತು ಕೇಳಿದ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ರೇಡಿಯೋದಲ್ಲಿ ಅದೇ ದನಿ ಮೆತ್ತಗೆ ಬಂತು: "ಮೋಡದ ಸಂದಿಯಿಂದ ಕಂಡಿತು. ನಮ್ಮ ನೆತ್ತಿಯ ಮೇಲೆಯೇ ಹೋಯಿತು. ಥ್ಯಾಂಕ್ಯೂ."

ಪಕ್ಕದಲ್ಲಿದ್ದ ಹಿರಿಯ ಅಧಿಕಾರಿ ತಮ್ಮ ಚಹಾದ ಕಪ್ಪನ್ನು ನನ್ನ ಮುಂದೆ ಸರಿಸಿದರು.

ಮುಂದಿನ ತಿಂಗಳು ರಜೆಗೆಂದು ಹುಮನಾಬಾದಿಗೆ ಹೋದಾಗ ಮನೆಯಲ್ಲಿ ಇದನ್ನು ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು, "ಒಳಗ ಕುಂತ ಮಂದಿಗೆ ಗೊತ್ತಾತೇನೋ?"

"ಇಲ್ಲವ್ವ. ಇಳದು ತಮ್ಮ ತಮ್ಮ ಮನಿಗೆ ಹೋದ್ರು."

"ಛಲೋ ಆತು ಬಿಡು. ಮಂದಿ ಮನಿ ಮುಟ್ಟಿದ್ರ ಸಾಕು."

ಅಪ್ಪ ಮಾತ್ರ ಒಂದೇ ಪ್ರಶ್ನೆ ಕೇಳಿದರು. "ಅಂವ ಸಿಟ್ಟಿಗೆದ್ದಾಗ ನಿನ್ನ ದನಿ ನಡಗಿತೇನು?"

"ಕೈ ನಡಗಿತಪ್ಪ. ದನಿ ನಡಗಲಿಲ್ಲ."

ಅವರು ತಲೆಯಾಡಿಸಿದರು. ಮರುದಿನ ಅಜ್ಜಿಯನ್ನು ನೋಡಲು ಇಬ್ಬರೂ ಬಸವಕಲ್ಯಾಣದ ಬಸ್ ಹತ್ತಿದೆವು. ಜನ್ಮದಲ್ಲಿ ಒಮ್ಮೆಯೂ ನನ್ನನ್ನು ಹೊಗಳದ ಅಪ್ಪ, ಡ್ರೈವರನ ಹಿಂದಿನ ಸೀಟಿನಲ್ಲಿ ಕೂತು ಶುರುಮಾಡಿದರು: "ನಮ್ಮ ಹುಡುಗನ ಕೆಲಸ ಏನಂತ ತಿಳದಿರಿ? ಕೇಳ್ರಿಲ್ಲೆ..." ದಾರಿಯುದ್ದಕ್ಕೂ ಅದೇ ಕತೆ. ಅವರ ಬಾಯಲ್ಲಿ ಎರಡು ವಿಮಾನಗಳ ನಡುವಿನ ಸಾವಿರ ಅಡಿ ಕಡಿಮೆಯಾಗುತ್ತ ಆಗುತ್ತ ಒಂದು ಮಾರು ದೂರಕ್ಕೆ ಬಂದು ನಿಂತಿತ್ತು. ಕಂಡಕ್ಟರ್ ಟಿಕೆಟ್ ಹರಿಯುವುದನ್ನೇ ಮರೆತು, "ಹೌದೇನ್ರಿ?" ಎಂದು ನನ್ನತ್ತ ನೋಡಿದ.

ನಾನು ತಿದ್ದಲಿಲ್ಲ.