ಒಂದು ಲೋಟ ಚೀನೀ ಕಷಾಯ

ಮೊನ್ನೆ ಜಯನಗರ ನಾಲ್ಕನೇ ಬ್ಲಾಕಿನ ಗ್ರಂಧಿಗೆ ಅಂಗಡಿಯಲ್ಲಿ ನಿಂತಿದ್ದಾಗ ಪಕ್ಕದವರು ಯಾರೋ ಜೇಷ್ಠಮಧು ಕೇಳಿದರು. ಅಂಗಡಿಯವರು ಡಬ್ಬದ ಮುಚ್ಚಳ ತೆಗೆದದ್ದೇ ತಡ, ಆ ಸಿಹಿ ಬೇರಿನ ವಾಸನೆ ಮೂಗಿಗೆ ಬಡಿಯಿತು. ಈ ವಾಸನೆಗೆ ನನಗೆ ಇಬ್ಬರು ನೆನಪಾಗುತ್ತಾರೆ. ಒಬ್ಬಳು ನನ್ನ ಸೋದರತ್ತೆ. ಇನ್ನೊಬ್ಬರು, ಅವಳನ್ನು ತಿಂದುಕೊಂಡ ಚೀನೀ ಡಾಕ್ಟರು.

ಅವರು ಚೀನಾದವರಲ್ಲ, ಇಲ್ಲಿಯವರೇ. ಬಿಟಿಎಂ ಲೇಔಟಿನಲ್ಲಿ ಬೇಕರಿಯ ಮೇಲೆ ಕ್ಲಿನಿಕ್ಕು, ಗೋಡೆಗೆ ಡ್ರ್ಯಾಗನ್ ಚಿತ್ರ, ಕಪಾಟಿನ ತುಂಬ ಬೇರು ತೊಗಟೆಗಳ ಪೊಟ್ಟಣ. ಆ ವೈದ್ಯವನ್ನು ಎಲ್ಲಿ ಕಲಿತರೋ... ಯಾರೂ ಕೇಳಲಿಲ್ಲ. ಅವರನ್ನು ಏಕವಚನದಲ್ಲಿ ಬೈಯಲು ನನಗೆ ಬಹಳ ಆಸೆ. ಆದರೆ ಅತ್ತೆ ಕಳ್ಳರಿಗೂ ಬಹುವಚನ ಕೊಡುತ್ತಿದ್ದವಳು. ಅವಳ ಮುಖ ನೋಡಿ ಬಿಟ್ಟಿದ್ದೇನೆ.

ಅತ್ತೆ ಬನಶಂಕರಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದಳು. ಹಾಡುವವರ ರೂಢಿಯಂತೆ ಅವಳ ದವಡೆಯಲ್ಲಿ ಸದಾ ಒಂದು ಚೂರು ಜೇಷ್ಠಮಧು. ಅವಳ ಮಟ್ಟಿಗೆ ಅದು ಔಷಧಿಯೇ ಅಲ್ಲ. ಬಿಪಿ ಮಾತ್ರೆ ಬರೆಯುವ ಡಾಕ್ಟರು "ಬೇರೇನಾದ್ರೂ ತಗೋತೀರಾ?" ಎಂದರೆ "ಏನೂ ಇಲ್ಲ" ಎನ್ನುವಳು. ಮಂಡಿನೋವಿಗೆಂದು ಚೀನೀ ಡಾಕ್ಟರ ಬಳಿ ಹೋದಾಗ ಅವರು ಪೊಟ್ಟಣ ಬಿಚ್ಚಿ ತೋರಿಸಿದರು. ಅದರಲ್ಲಿ ಗುರುತಿನ ಬೇರು ಕಂಡು ಅತ್ತೆಗೆ ಖುಷಿಯೋ ಖುಷಿ.

"ಅಯ್ಯೋ, ಇದು ನಾನು ದಿನಾ ಅಗಿಯೋದೇ ಅಲ್ವಾ!"

"ಸಖತ್ ಆಯ್ತಲ್ಲ ಮೇಡಂ, ಡಬಲ್ ಪವರ್," ಎಂದು ಅವರು ನಕ್ಕರು. ಬಿಪಿ ಮಾತ್ರೆಯ ವಿಷಯವನ್ನೂ ಅತ್ತೆ ಹೇಳಿದಳು. ಅದಕ್ಕೂ ತಲೆಯಾಡಿಸಿದರು.

ಪಿಯುಸಿಯಲ್ಲಿ ಕೆಮಿಸ್ಟ್ರಿ ಎಂದರೆ ಓಡುತ್ತಿದ್ದ ನಾನು ಆಮೇಲೆ ಹಲ್ಲು ಕಚ್ಚಿ ಇದೊಂದನ್ನು ಓದಿಕೊಂಡೆ. ಚೀನೀಯರು ಈ ಬೇರಿಗೆ ಸಿಹಿ ಹುಲ್ಲು ಎನ್ನುತ್ತಾರಂತೆ. ಉಳಿದ ಬೇರುಗಳ ಘಾಟು ತಗ್ಗಿಸಿ ಎಲ್ಲವನ್ನೂ ಹೊಂದಿಸುತ್ತದೆಂದು ಬಹುಪಾಲು ಕಷಾಯಗಳಿಗೆ ಹಾಕುತ್ತಾರೆ. ಗಂಟಲಿಗೆ ಹಿತ, ಸುಳ್ಳಲ್ಲ. ಆದರೆ ಅದರ ಸಿಹಿಗೆ ಕಾರಣವಾದ ಗ್ಲಿಸಿರೈಜಿನ್ ಕರುಳಿನಲ್ಲಿ ಒಡೆದು ರಕ್ತ ಸೇರಿ ಮೂತ್ರಪಿಂಡದ ಒಂದು ಕಿಣ್ವದ ಕೈ ಕಟ್ಟಿಹಾಕುತ್ತದೆ. ಕಾರ್ಟಿಸಾಲ್ ಎಂಬ ಹಾರ್ಮೋನಿನ ಜೋರು ಇಳಿಸುವುದು ಆ ಕಿಣ್ವದ ಕೆಲಸ. ಅದು ನಿಂತರೆ ಮೈ ಉಪ್ಪನ್ನು ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ ಅನ್ನು ಮೂತ್ರದಲ್ಲಿ ಚೆಲ್ಲುತ್ತದೆ. ಬಿಪಿ ಏರುತ್ತದೆ, ಕೈಕಾಲು ಸೋಲುತ್ತವೆ, ಎದೆಬಡಿತ ತಾಳ ತಪ್ಪುತ್ತದೆ. ಅತ್ತೆಯ ಬಿಪಿ ಮಾತ್ರೆಯೂ ಮೂತ್ರ ಹೆಚ್ಚಿಸಿ ಪೊಟ್ಯಾಸಿಯಂ ಕಳೆಯುವಂಥದ್ದೇ.

ಆ ಪೊಟ್ಟಣಗಳನ್ನು ದಿನಾ ಕುದಿಸಿ ಕುಡಿಯುತ್ತ ಬಂದ ಅತ್ತೆಗೆ ತಂಬೂರಿ ಎತ್ತಲಾಗದಷ್ಟು ಸುಸ್ತು ಬಂತು. "ಒಳಗಿನ ವಿಷ ಹೊರಗೆ ಹೋಗ್ತಿದೆ ಮೇಡಂ, ಒಳ್ಳೇದೇ," ಎಂದು ಚೀನೀ ಡಾಕ್ಟರು ಇನ್ನಷ್ಟು ಪೊಟ್ಟಣ ಕಟ್ಟಿಕೊಟ್ಟರು. ಒಂದು ಸಂಜೆ ಪಾಠದ ನಡುವೆ, ಸಾಲು ಮುಗಿಸದೆ, ಅವಳು ಪಕ್ಕಕ್ಕೆ ವಾಲಿದಳು. ಮಕ್ಕಳು ಆ ಸಾಲನ್ನು ಹಾಡುತ್ತಲೇ ಇದ್ದರು... ಪೊಟ್ಯಾಸಿಯಂ ತಳ ಕಂಡು ಹೃದಯ ನಿಂತಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು.

ತಿಥಿ ಮುಗಿದ ಮೇಲೆ ಉಳಿದ ಪೊಟ್ಟಣವನ್ನು ಅವಳದೇ ಪಾತ್ರೆಯಲ್ಲಿ ಕುದಿಸಿ, ಫ್ಲಾಸ್ಕಿಗೆ ತುಂಬಿಕೊಂಡು ಬಿಟಿಎಂಗೆ ಹೋದೆ. ಕ್ಲಿನಿಕ್ಕಿನಲ್ಲಿ ಜನ ತುಂಬಿದ್ದರು. ಎಲ್ಲರ ಎದುರಿಗೆ ಲೋಟಕ್ಕೆ ಬಗ್ಗಿಸಿ ಅವರ ಮುಂದೆ ಹಿಡಿದೆ.

"ಕುಡೀರಿ ಸಾರ್. ನೀವು ಕೊಟ್ಟಿದ್ದೇ."

"ಏನಮ್ಮಾ ಇದು... ಬೇಡ."

"ಒಂದೇ ಲೋಟ. ಒಳ್ಳೇದಲ್ವಾ?"

"ಬೇಡ ಅಂದ್ನಲ್ಲ, ನಂಗೆ ಬಿಪಿ ಇದೆ ಕಣಮ್ಮಾ!"

ಮಾತು ಬಾಯಿಂದ ಜಾರಿದ್ದು ಅವರಿಗೇ ಆಮೇಲೆ ತಿಳಿಯಿತು. ಅಂದರೆ ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಬೆಂಚಿನ ಮೇಲಿದ್ದ ಅಜ್ಜಿಯೊಬ್ಬರು ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದರು. ಹಿಂದೆಯೇ ಉಳಿದವರೂ. ಖಾಲಿ ಬೆಂಚು ನೋಡುತ್ತ ನಿಂತ ಅವರ ಮುಖ ನೆನೆದರೆ ನನಗೆ ಇವತ್ತಿಗೂ ಹಾಯೆನಿಸುತ್ತದೆ. ಸ್ವಲ್ಪ ದಿನಕ್ಕೆ ಬೋರ್ಡು ಇಳಿಯಿತು.

ಈಗ ಅದೇ ಡ್ರ್ಯಾಗನ್ನು ಉತ್ತರಹಳ್ಳಿಯಲ್ಲಿ ಹೊಸ ಬೋರ್ಡಿನ ಮೇಲೆ ಕೂತಿದೆ. ಹೋದ ವಾರ ಬಸ್ಸಿನ ಕಿಟಕಿಯಿಂದ ಕಂಡೆ. ಇನ್ನೊಮ್ಮೆ ಅವರ ಬೆಂಚು ಖಾಲಿ ಮಾಡಿಸಿದರೂ ಅತ್ತೆ ಬರುವುದಿಲ್ಲ, ಗೊತ್ತು. ಸಂಜೆಯಾದರೆ ನಮ್ಮ ಮುಂದಿನ ಕೋಣೆಯಲ್ಲಿ ಯಾರ ದನಿಯೂ ಇಲ್ಲ...

"ನಿಮ್ಗೇನು ಮೇಡಂ?" ಎಂದರು ಅಂಗಡಿಯವರು.

"ಜೇಷ್ಠಮಧು."

"ಗಂಟಲು ಕೆಟ್ಟಿದ್ಯಾ?"

"ಇಲ್ಲ," ಎಂದೆ. "ಒಬ್ರಿಗೆ ಕುಡಿಸೋದು ಬಾಕಿ ಇದೆ."