ಸ್ಟೇರಿಂಗ್ ಕೆಳಗಿನ ನಿಂಬೆಹಣ್ಣು

ಸುಡುವ ಬಿಸಿಲು. ನನ್ನ ಕಾರಿನ ವೈಪರ್ ಮಾತ್ರ ಜಡಿಮಳೆಗೆ ಸಿಕ್ಕಂತೆ ಆಡುತ್ತಿತ್ತು!

ಕಳೆದ ಭಾನುವಾರ ಖಾನಾಪುರದಲ್ಲಿ ತಂಗಿಯ ಮಗಳ ನಿಶ್ಚಿತಾರ್ಥ. ಟಿಳಕವಾಡಿಯಿಂದ ಕಾಕಾನನ್ನು ಕೂರಿಸಿಕೊಂಡು ಹೊರಟಿದ್ದೆ. ಮನೆಗೆ ಹಿರಿಯರು ಅವರೊಬ್ಬರೇ. ಅವರು ವೀಳ್ಯ ಕೊಡದೆ ನಮ್ಮಲ್ಲಿ ಯಾವ ಸಂಬಂಧವೂ ನಿಶ್ಚಯವಾಗುವುದಿಲ್ಲ. (ಸಿಟ್ಟು ಬಂದರೆ ಕಾಕಾ ಊಟದ ಎಲೆಯಿಂದಲೂ ಎದ್ದು ಹೋಗುವ ಪೈಕಿ.)

ಮಚ್ಛೆ ಹತ್ತಿರ ಕಾರು ಒಂದು ಹಂಪ್ ಹಾರಿತು. ಅಷ್ಟೇ. ಡ್ಯಾಶ್‌ಬೋರ್ಡಿನ ಎಲ್ಲ ದೀಪ ಹೊತ್ತಿಕೊಂಡವು. ಸ್ಪೀಡೋಮೀಟರ್ ಸೊನ್ನೆ. ವೈಪರ್ ಚಾಲೂ, ಇಂಜಿನ್ ಬಂದ್.

"ದೃಷ್ಟಿ ತಾಕೇತಿ," ಎಂದರು ಕಾಕಾ. "ಹಿಂಗ ಆಗತೈತಂತನ ಮುಂಜಾನೆ ನಿಂಬಿಹಣ್ಣು ಕಟ್ಟೇನಿ. ಹೊರಗ ಕಟ್ಟಿದ್ರ ನೀ ನಗತಿ. ಅದಕ್ಕ ಸ್ಟೇರಿಂಗ್ ಕೆಳಗ ಕಟ್ಟೇನಿ."

ಗ್ಯಾರೇಜಿನಿಂದ ಬಂದ ಮೆಕ್ಯಾನಿಕ್ ಬಗ್ಗಿ ನೋಡಿ ನಕ್ಕ. ಸ್ಟೇರಿಂಗ್ ಕೆಳಗೆ, ಕಾರಿನ ದೋಷ ಪತ್ತೆ ಮಾಡುವ ಸ್ಕ್ಯಾನರ್ ಚುಚ್ಚುವ ಸಾಕೆಟ್ ಇರುತ್ತದೆ. ನಿಂಬೆ-ಮೆಣಸಿನಕಾಯಿ ಪೋಣಿಸಿದ ತಂತಿ ಅದರೊಳಗೆ ನುಗ್ಗಿತ್ತು. ಕಾರಿನ ಭಾಗಗಳೆಲ್ಲ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಎರಡು ವೈರುಗಳು ಒಂದಕ್ಕೊಂದು ತಾಗಿ, ಮಾತುಕತೆ ಬಂದ್!

"ಹಂಗಾರ ಆ ಮಾತು ಸಾಗಿಸೂ ಚಿಪ್ ಸುಟ್ಟಿರಬೇಕಲ್ಲ?" ಎಂದು ಕೇಳಿದೆ.

"ಇಲ್ರಿ ಸಾಹೇಬ್ರ. ಶಾರ್ಟ್ ಆದ್ರ ಅದು ಕರೆಂಟ್ ಜಾಸ್ತಿ ಬಿಡೂದಿಲ್ಲ. ಭಾಳ ಬಿಸಿ ಆತಂದ್ರ ಸುಮ್ಮ ಆಗತೈತಿ. ತಣ್ಣಗಾದ ಮ್ಯಾಲ ಮತ್ತ ಚಾಲೂ."

ತಂತಿ ಎಳೆದ. ವೈಪರ್ ನಿಂತಿತು, ಕಾರು ಚಾಲೂ ಆಯಿತು.

ಕಾಕಾ ಎದೆಯುಬ್ಬಿಸಿದರು: "ನೋಡಿದ್ಯಾ? ನಿಂಬಿಹಣ್ಣು ಇತ್ತಂತ ಚಿಪ್ ಉಳೀತು!"

ಅಲ್ಲಾ, ಕಾರು ಕೆಡಿಸಿದ್ದೇ ಅದಲ್ಲವೇ? ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಡಿದ್ದರೆ ಕಾಕಾ ಅಲ್ಲೇ ಇಳಿದು ಟಿಳಕವಾಡಿ ದಾರಿ ಹಿಡಿಯುತ್ತಿದ್ದರು. ಅತ್ತ ಹುಡುಗಿ ಸೀರೆಯುಟ್ಟು ಕಾಯುತ್ತಿದ್ದಾಳೆ. ಉಗುರಿಗಿಂತ ಚಿಕ್ಕ ಚಿಪ್ಪಿಗಿರುವ ಬುದ್ಧಿ ಐವತ್ತು ದಾಟಿದ ನನಗೆ ಬೇಡವೇ?

"ಹೌದ್ರಿ ಕಾಕಾ," ಎಂದೆ. ಅದಕ್ಕಿಂತ ಹೆಚ್ಚು ಕರೆಂಟ್ ಬಿಡಲಿಲ್ಲ.

ನಿಶ್ಚಿತಾರ್ಥ ಸುಸೂತ್ರವಾಗಿ ನಡೆಯಿತು. ಕಾಕಾ ವೀಳ್ಯ ಕೊಟ್ಟರು. ನಿಂಬೆಹಣ್ಣು ಚಿಪ್ ಉಳಿಸಿದ ಕಥೆಯನ್ನೂ ಹೇಳಿದರು. ಬೀಗರು ಎಷ್ಟು ಮೆಚ್ಚಿದರೆಂದರೆ, ಹೊರಡುವ ಮುಂಚೆ ಕಾಕಾ ಕೈಯಿಂದಲೇ ತಮ್ಮ ಕಾರಿಗೂ ಒಂದು ಕಟ್ಟಿಸಿಕೊಂಡರು. ಅಂಥದೇ ತಂತಿ, ಹಾಗೇ ಸ್ಟೇರಿಂಗ್ ಕೆಳಗೆ. (ಹೌದ್ರಿ ಅಂದವನು ಈಗ ಬೇಡ ಅನ್ನುವುದು ಹೇಗೆ?)

ಸಂಜೆ ತಂಗಿಯ ಫೋನ್. "ಅಣ್ಣಾ, ಬೀಗರ ಗಾಡಿ ನಡು ಹಾದ್ಯಾಗ ನಿಂತೈತಂತ. ವೈಪರ್ ಅಷ್ಟ ಆಡಾಕತ್ತೈತಂತ. ನಮ್ಮ ಹುಡುಗಿ ಕಾಲ್ಗುಣ ಅಂತ ಅನ್ನಾಕತ್ತಾರ!"

ಈಗ ನಾನು ಬಾಯಿ ಬಿಡಲೇ, ಇಲ್ಲಾ ಇನ್ನೂ ಸ್ವಲ್ಪ ತಣ್ಣಗಾಗಲೇ?