ಲೇಸರ್ ಬಂದೂಕು, ಕಳಿಸದ ತಂತಿ

೧೯೬೫ರ ಗಣಪತಿ ಹಬ್ಬಕ್ಕೆ ಹೊಸನಗರದಲ್ಲಿ ನಾನು ಮೇಷ್ಟರಾಗಿದ್ದ ಶಾಲೆಯಲ್ಲಿ ನಾನೊಂದು ಕಥೆ ಓದಿದೆ. ಬರೆದವನೂ ನಾನೇ, ಮಹಾ ಪಂಡಿತ! ಲೇಸರ್ ಎಂಬ ಬೆಳಕು ಉಕ್ಕನ್ನೂ ಕೊರೆಯುತ್ತದೆ ಎಂದು ಯಾವುದೋ ಪತ್ರಿಕೆಯಲ್ಲಿ ಓದಿ ತಲೆ ತಿರುಗಿತ್ತು. ಚಂದ್ರನ ಮೇಲಿನ ಯುದ್ಧದಲ್ಲಿ ನಮ್ಮ ಸಿಪಾಯಿಯ ಕೈಗೆ ಲೇಸರ್ ಬಂದೂಕು ಕೊಟ್ಟೆ. ಗುಂಡು ಬೇಡ, ಸದ್ದಿಲ್ಲ. ನಮ್ಮ ಪಕ್ಕದೂರು ನಗರದ ಕೋಟೆಯ ಮೇಲೆ ನಿಂತು ಗುರಿಯಿಟ್ಟರೆ ಹರದಾರಿಗಟ್ಟಲೆ ಆಚೆ ಹುಲಿಕಲ್ಲಿನ ಘಾಟಿಯಲ್ಲಿ ನಿಂತವನ ಟೊಪ್ಪಿ ಸುಟ್ಟುಹೋಗುವಷ್ಟು ದೂರ ಅದರ ಹೊಡೆತ. ಜನ ಚಪ್ಪಾಳೆ ತಟ್ಟಿದರು. ನಾನು ಉಬ್ಬಿಹೋದೆ.

ಮುಂದಿನ ಸಾಲಿನಲ್ಲಿ ನಮ್ಮ ಮನೆಗೆ ಹಾಲು ಕೊಡುವ ಅಮ್ಮ ಕೂತಿದ್ದರು. ಗಂಡ ಇಲ್ಲ. ಒಬ್ಬನೇ ಮಗ ಮಿಲಿಟರಿಯಲ್ಲಿ, ಕಾಶ್ಮೀರದ ಕಡೆ. ಗಡಿಯಲ್ಲಿ ಗಲಾಟೆ ಎಂದು ಕೇಳಿ ಕಂಗಾಲಾಗಿದ್ದರು. ಮಗನನ್ನು ಕರೆಸಿಕೊಳ್ಳಲು ನಮ್ಮ ಕಡೆ ಇದ್ದ ಉಪಾಯ ಒಂದೇ: 'ತಾಯಿ ಸೀರಿಯಸ್, ಕೂಡಲೇ ಹೊರಡು' ಎಂದು ತಂತಿ ಕೊಡುವುದು. ಹಾಗೆ ಎಷ್ಟು ಗಟ್ಟಿಮುಟ್ಟಾದ ತಾಯಂದಿರು ಸಾಯಲು ಬಿದ್ದಿದ್ದರೋ! ಹಬ್ಬದ ಮಾರನೇ ದಿನ ತಂತಿ ಕೊಡುವುದೆಂದು ಮಾತಾಗಿತ್ತು. ಒಕ್ಕಣೆ ನಾನೇ ಬರೆದಿಟ್ಟಿದ್ದೆ.

ಮಾರನೇ ದಿನ ಅವರು ನಗುತ್ತ ಬಂದರು. "ತಂತಿ ಬ್ಯಾಡ ಮೇಷ್ಟ್ರೇ. ಅಂಥ ಬಂದೂಕು ಇರೋವಾಗ ಹೆದರಿಕೆ ಎಂತಕ್ಕೆ? ಬದುಕಿರೋಳು ಸಾಯ್ತೀನಿ ಅಂತ ಯಾಕ್ ಬರಿಸ್ಲಿ, ಅಪಶಕುನ."

"ಅಯ್ಯೋ ಅಮ್ಮಾ, ಅದು ಕಥೆ. ನಾನು ಕಟ್ಟಿದ್ದು. ಅಂಥ ಬಂದೂಕು ಎಲ್ಲೂ ಇಲ್ಲ."

"ಗೊತ್ತು ಬಿಡಿ," ಎಂದು ದನಿ ತಗ್ಗಿಸಿದರು. "ಮಿಲಿಟರಿ ಗುಟ್ಟು, ಬಾಯಿ ಬಿಡಬಾರ್ದು. ನನ್ ಮಗನೂ ಹಂಗೇ, ಕಾಗ್ದದಲ್ಲಿ ಎಂತದೂ ಬರಿಯಲ್ಲ."

ಆಣೆ ಇಟ್ಟೆ, ಬೈದೆ, ಕೈಮುಗಿದೆ. ಇಲ್ಲ ಎಂದಷ್ಟೂ ಅವರ ನಂಬಿಕೆ ಗಟ್ಟಿಯಾಯಿತು. ಕೊನೆಗೆ ನಾನೇ ತಂತಿ ಕೊಟ್ಟುಬಿಡೋಣವೆಂದು ಅಂಚೆ ಕಚೇರಿಯ ಮೆಟ್ಟಿಲವರೆಗೂ ಹೋದೆ. ಆಕೆಯೇ ಬೇಡವೆಂದ ಮೇಲೆ, ಇನ್ನೊಬ್ಬರ ತಾಯಿ ಸಾಯುತ್ತಾಳೆಂದು ಬರೆಯಲು ನಾನ್ಯಾರು? ನಾಲ್ಕು ಸಲ ಹತ್ತಿ ಇಳಿದು ಮನೆಗೆ ಬಂದೆ. ರಜೆ ಸಿಗುತ್ತಿತ್ತೋ ಇಲ್ಲವೋ, ಆ ದೇವರೇ ಬಲ್ಲ. ನನ್ನ ಹೇಡಿತನಕ್ಕಿಷ್ಟು ಬೆಂಕಿ ಹಾಕ.

ಕೆಲವೇ ದಿನಗಳಲ್ಲಿ ಯುದ್ಧ ಶುರುವಾಯಿತು. ನಾನು ರೇಡಿಯೋ ಇದ್ದ ಹೋಟೆಲಿನ ಮುಂದೆ ನಿಂತೇ ಇರುತ್ತಿದ್ದೆ. ಅನ್ನ ಸೇರುತ್ತಿರಲಿಲ್ಲ. ಅವರು ಮಾತ್ರ ದಿನಾ ನಗುನಗುತ್ತಲೇ ಹಾಲು ಅಳೆದು ಹೋಗುತ್ತಿದ್ದರು.

ಯುದ್ಧ ನಿಂತಿತೆಂಬ ಸುದ್ದಿ ಬಂದ ಮೂರನೇ ದಿನ ಬೆಳಿಗ್ಗೆ ಓಡುತ್ತ ಬಂದರು. ಕೈಯಲ್ಲಿ ತಂತಿ. ತಂದವನು ಏನೂ ಹೇಳದೆ ಕೊಟ್ಟು ಹೋಗಿದ್ದನಂತೆ. ಅವರಿಗೆ ಓದು ಬಾರದು.

"ನೋಡಿದ್ರಾ, ನಾವ್ ಕೊಡ್ದಿದ್ರೂ ಅವ್ನೇ ಕೊಟ್ಟ! ಯಾವ್ ಬಸ್ಸಿಗೆ ಬರ್ತಾನಂತೆ?"

ಬಿಡಿಸಿ ಓದಿಕೊಂಡೆ. ಎರಡೇ ಸಾಲು. ಹುಡುಗ ಹೋಗಿಬಿಟ್ಟಿದ್ದ.

"ಗಟ್ಟಿಯಾಗಿ ಓದಿ ಮೇಷ್ಟ್ರೇ," ಎಂದು ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು, ನನ್ನ ಬಾಯನ್ನೇ ನೋಡುತ್ತ ಎದುರಿಗೆ ಕೂತರು.